ನಾಲ್ಕು ಸೆಂಟಿಮೀಟರ್ ಮೆಗ್ನೀಸಿಯಮ್, 42 ಮಿ.ಲೀ. ಅನಿಲ: ಬೆಂಗಳೂರಿನ ಒಂದು ಲ್ಯಾಬ್ ಮೇಜಿನ ಪ್ರಕರಣ

ಬೆಂಗಳೂರಿನ ಯಾವುದೋ ಪಿಯು ಕಾಲೇಜಿನ ರಸಾಯನಶಾಸ್ತ್ರ ಲ್ಯಾಬಿನ ಒಂದು ಮೇಜನ್ನು ಎದುರಿಗಿಟ್ಟುಕೊಳ್ಳೋಣ. ಅಲ್ಲಿ ನಡೆಯಬೇಕಾದ ಕೆಲಸ ದೊಡ್ಡದೇನಲ್ಲ. ಮೆಗ್ನೀಸಿಯಮ್ ಪಟ್ಟಿಯ ತುಂಡನ್ನು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕರಗಿಸಬೇಕು, ಹೊರಬರುವ ಹೈಡ್ರೋಜನ್ನನ್ನು ನೀರಿನ ಮೇಲೆ ಹಿಡಿದು ಗಾತ್ರ ಅಳೆಯಬೇಕು. ಒಂದು ಸೆಂಟಿಮೀಟರ್ ತುಂಡಿಗೆ ಎಷ್ಟು, ಎರಡಕ್ಕೆ ಎಷ್ಟು, ಮೂರಕ್ಕೆ, ನಾಲ್ಕಕ್ಕೆ ಎಷ್ಟು ಎಂದು ಬರೆದುಕೊಂಡು ಗ್ರಾಫ್ ಎಳೆದರೆ ಸೊನ್ನೆಯಿಂದ ಹೊರಟ ನೇರ ಗೆರೆ ಬರಬೇಕು. ತಾಪ ಮತ್ತು ಒತ್ತಡ ಬದಲಾಗದಿದ್ದರೆ, ಅನಿಲದ ಮೋಲ್ (ಅಣುಗಳ ಎಣಿಕೆಯ ಅಳತೆ) ಎರಡು ಪಟ್ಟಾದರೆ ಗಾತ್ರವೂ ಎರಡು ಪಟ್ಟು ಎನ್ನುವ ಅವೊಗಾಡ್ರೊ ನಿಯಮವನ್ನು ಕಣ್ಣಾರೆ ನೋಡಲು ಇದಕ್ಕಿಂತ ಅಗ್ಗದ ದಾರಿ ಇಲ್ಲ.

ಮೇಜಿನ ಮೇಲೆ ಬಂದ ಅಂಕಿಗಳು ಹೀಗಿವೆ ಎಂದುಕೊಳ್ಳಿ:

1 ಸೆಂ.ಮೀ. – 11.4 ಮಿ.ಲೀ.
2 ಸೆಂ.ಮೀ. – 21.9 ಮಿ.ಲೀ.
3 ಸೆಂ.ಮೀ. – 29.3 ಮಿ.ಲೀ.
4 ಸೆಂ.ಮೀ. – 29.4 ಮಿ.ಲೀ.

ಗೆರೆ ನೇರವಾಗಿಲ್ಲ, ಸೊನ್ನೆಯಿಂದ ಹೊರಡುವುದೂ ಇಲ್ಲ. ಮೊದಲ ಎರಡು ಅಂಕಿಗಳನ್ನಷ್ಟೇ ನಂಬಿ ಲೆಕ್ಕ ಹಾಕಿದರೂ ಮೋಲಿಗೆ 22.4 ಲೀಟರ್ ಎಂಬ ಬಾಯಿಪಾಠದ ಅಂಕಿ ಬರುವುದಿಲ್ಲ, ಅದಕ್ಕಿಂತ ಬಹಳ ಹೆಚ್ಚು ಬರುತ್ತದೆ. ಇಂಥ ಹೊತ್ತಿನಲ್ಲಿ ಎಷ್ಟೋ ರೆಕಾರ್ಡ್ ಪುಸ್ತಕಗಳಲ್ಲಿ ಆಗುವುದು ಒಂದೇ: 8.3, 16.6, 24.9, 33.2 ಎಂದು ಆ 22.4ರ ಲೆಕ್ಕದಿಂದ ಬಂದ ಅಂಕಿಗಳನ್ನೇ ಅಳತೆ ಎಂದು ಬರೆದುಬಿಡುತ್ತಾರೆ. ಅಲ್ಲಿಗೆ ಪ್ರಯೋಗ ಸತ್ತಂತೆ. ಮೇಲಿನ ನಾಲ್ಕು ಅಂಕಿಗಳಲ್ಲಿ ಒಂದೂ ಸುಳ್ಳಲ್ಲ. ಒಂದೊಂದರ ಹಿಂದೆಯೂ ಹುಡುಕಿದರೆ ಸಿಗುವ ಕಾರಣವಿದೆ, ಮತ್ತು ಆ ಕಾರಣಗಳನ್ನು ಹುಡುಕುವುದರಲ್ಲೇ ನಿಯಮ ಅರ್ಥವಾಗುತ್ತದೆ.

ಮೇಜಿನ ಮೇಲೆ ಏನೇನಿತ್ತು

ಒಂದು ತುದಿ ಮುಚ್ಚಿದ, 50 ಮಿ.ಲೀ. ಗುರುತುಗಳಿರುವ ಅನಿಲ ಅಳೆಯುವ ಕೊಳವೆ. ನಡುವೆ ಒಂದೇ ತೂತಿರುವ ರಬ್ಬರ್ ಕಾರ್ಕ್. ತೆಳುವಾದ ತಾಮ್ರದ ತಂತಿ. 500 ಮಿ.ಲೀ. ಬೀಕರ್. ಕೊಳವೆ ಪೂರ್ತಿ ಮುಳುಗುವಷ್ಟು ಎತ್ತರದ ಗಾಜಿನ ಜಾಡಿ. ಥರ್ಮಾಮೀಟರ್. ಮೆಗ್ನೀಸಿಯಮ್ ಪಟ್ಟಿ.

ಒಂದು ಸೆಂಟಿಮೀಟರ್ ಪಟ್ಟಿಯ ತೂಕ ಹತ್ತು ಮಿಲಿಗ್ರಾಮಿನ ಆಸುಪಾಸು. ಅದನ್ನು ಸಾಮಾನ್ಯ ತಕ್ಕಡಿಯಲ್ಲಿ ತೂಗಲು ಹೋಗಬಾರದು. ಮರಳುಕಾಗದದಲ್ಲಿ ಚೆನ್ನಾಗಿ ಉಜ್ಜಿ ಹೊಳೆಯುವಂತೆ ಮಾಡಿದ ಒಂದು ಮೀಟರ್ ಪಟ್ಟಿಯನ್ನು ತೂಗಿ ನೂರರಿಂದ ಭಾಗಿಸಬೇಕು. ನಮ್ಮ ಪ್ರಕರಣದಲ್ಲಿ ಮೀಟರಿಗೆ 0.90 ಗ್ರಾಂ, ಅಂದರೆ ಸೆಂಟಿಮೀಟರಿಗೆ 9 ಮಿಲಿಗ್ರಾಂ. ಉಜ್ಜುವುದು ಮೊದಲು, ತೂಗುವುದು ಆಮೇಲೆ. ಪಟ್ಟಿಯ ಮೇಲಿನ ಬೂದುಬಣ್ಣದ ಪದರ ಮೆಗ್ನೀಸಿಯಮ್ ಆಕ್ಸೈಡ್. ಅದು ಆಮ್ಲದಲ್ಲಿ ಕರಗುತ್ತದೆ, ಹೈಡ್ರೋಜನ್ ಮಾತ್ರ ಕೊಡುವುದಿಲ್ಲ. ಉಜ್ಜದೆ ತೂಗಿದರೆ ತೂಕದಲ್ಲಿ ಅದೂ ಸೇರಿ, ಅನಿಲ ಕಡಿಮೆ ಬಿದ್ದಂತೆ ಕಾಣುತ್ತದೆ.

ಮೆಗ್ನೀಸಿಯಮ್ಮಿನ ಮೋಲಾರ್ ದ್ರವ್ಯರಾಶಿ, ಅಂದರೆ ಒಂದು ಮೋಲಿನ ತೂಕ, 24.3 ಗ್ರಾಂ. ಒಂದು ಪರಮಾಣು ಮೆಗ್ನೀಸಿಯಮ್ ಎರಡು ಅಣು ಹೈಡ್ರೋಕ್ಲೋರಿಕ್ ಆಮ್ಲದೊಡನೆ ಸೇರಿ ಒಂದು ಅಣು ಹೈಡ್ರೋಜನ್ ಬಿಡುತ್ತದೆ. ಹಾಗಾಗಿ ಸೆಂಟಿಮೀಟರಿಗೆ 0.370 ಮಿಲಿಮೋಲ್ ಹೈಡ್ರೋಜನ್, ನಾಲ್ಕು ಸೆಂಟಿಮೀಟರಿಗೆ 1.48 ಮಿಲಿಮೋಲ್.

ಕೊಳವೆಯನ್ನು ಮುಚ್ಚಿದ ತುದಿ ಕೆಳಗೆ ಮಾಡಿ ಹಿಡಿದು ಮೊದಲು ಆಮ್ಲ ಹಾಕಬೇಕು. ಆಮೇಲೆ ಗಾಜಿನ ಗೋಡೆಗೆ ತಾಗಿಸಿ ನಿಧಾನವಾಗಿ ನೀರು ತುಂಬಿಸಬೇಕು. ಆಮ್ಲ ಭಾರವಾದ್ದರಿಂದ ತಳದಲ್ಲೇ ಉಳಿಯುತ್ತದೆ. ಪಟ್ಟಿಯನ್ನು ಮಡಚಿ ತಾಮ್ರದ ತಂತಿಯಲ್ಲಿ ಪುಟ್ಟ ಪಂಜರದಂತೆ ಸುತ್ತಿ, ತಂತಿಯ ಬಾಲವನ್ನು ಕಾರ್ಕಿನ ಪಕ್ಕದಲ್ಲಿ ಸಿಕ್ಕಿಸಿ, ಕಾರ್ಕ್ ಒತ್ತಿ, ತೂತನ್ನು ಬೆರಳಿನಿಂದ ಮುಚ್ಚಿ ಕೊಳವೆಯನ್ನು ತಲೆಕೆಳಗು ಮಾಡಿ ಬೀಕರಿನ ನೀರಿನಲ್ಲಿ ನಿಲ್ಲಿಸಬೇಕು. ಈಗ ಬೆಳಕಿಗೆ ಎದುರಾಗಿ ನೋಡಿದರೆ, ಸಕ್ಕರೆ ಪಾಕ ನೀರಿನಲ್ಲಿ ಇಳಿಯುವಾಗ ಕಾಣುವಂಥ ಅಲೆಅಲೆಯಾದ ಎಳೆಗಳು ಮೇಲಿನಿಂದ ಕೆಳಗಿಳಿಯುವುದು ಕಾಣುತ್ತದೆ. ಅದೇ ಆಮ್ಲ. ಆ ಎಳೆ ಪಟ್ಟಿಗೆ ಮುಟ್ಟಿದ ಗಳಿಗೆ ಗುಳ್ಳೆಗಳು ಏಳುತ್ತವೆ. ತಾಮ್ರ ಈ ಆಮ್ಲಕ್ಕೆ ಜಗ್ಗುವುದಿಲ್ಲ, ಆದ್ದರಿಂದ ಪಂಜರ ಹಾಗೇ ಉಳಿಯುತ್ತದೆ. ಪಂಜರ ಸಡಿಲವಾದರೆ ಅರ್ಧ ಕರಗಿದ ಚೂರು ಗುಳ್ಳೆಗಳ ಜೊತೆ ತೇಲಿಹೋಗಿ, ನೀರು ಇಳಿದ ಮೇಲೆ ಒಣ ಗೋಡೆಗೆ ಅಂಟಿಕೊಂಡು ಕೂತುಬಿಡುತ್ತದೆ. ಆಗ ಕೊಳವೆಯನ್ನು ಸ್ವಲ್ಪ ಓರೆಮಾಡಿ ಅಲುಗಿಸಿ, ಚೂರನ್ನು ಮತ್ತೆ ನೀರಿಗೆ ಇಳಿಸಬೇಕು.

ಕಣ್ಣಿಗೆ ಕನ್ನಡಕ, ಬೆರಳಿಗೆ ಕೈಗವಸು ಬೇಕೇ ಬೇಕು. ಹತ್ತಿರದಲ್ಲಿ ಸ್ಪಿರಿಟ್ ದೀಪವಾಗಲಿ ಬರ್ನರ್ ಆಗಲಿ ಉರಿಯುತ್ತಿರಬಾರದು. ಇರುವುದು 42 ಮಿ.ಲೀ. ಹೈಡ್ರೋಜನ್ ಅಷ್ಟೇ ಆದರೂ ಗಾಜಿನ ಕೊಳವೆಯೊಳಗೆ ಅದು ಗಾಳಿಯೊಂದಿಗೆ ಬೆರೆತು ಹೊತ್ತಿಕೊಂಡರೆ ಸಣ್ಣ ವಿಷಯವಲ್ಲ.

ಮೂರನೆಯ ಅಂಕಿಯಲ್ಲಿ ಗೆರೆ ಬಾಗಿದ್ದೇಕೆ

ಮೂರು ಸೆಂಟಿಮೀಟರಿಗೂ ನಾಲ್ಕು ಸೆಂಟಿಮೀಟರಿಗೂ ಒಂದೇ ಗಾತ್ರ ಬಂದಿದೆ. ಇದಕ್ಕೆ ಉತ್ತರ ಕೊಳವೆಯೊಳಗೇ ಇದೆ. ಗುಳ್ಳೆ ನಿಂತ ಮೇಲೆ ಪಂಜರವನ್ನು ಹೊರಗೆ ತೆಗೆದು ಬಿಚ್ಚಿ ನೋಡಿದರೆ ನಾಲ್ಕು ಸೆಂಟಿಮೀಟರ್ ತುಂಡಿನಲ್ಲಿ ಸುಮಾರು ಮೂರನೇ ಒಂದು ಭಾಗದಷ್ಟು ಲೋಹ ಹಾಗೇ ಉಳಿದಿರುತ್ತದೆ. ಮೂರು ಸೆಂಟಿಮೀಟರಿನದರಲ್ಲೂ ಒಂದು ಸಣ್ಣ ಚೂರು ಉಳಿದಿರುತ್ತದೆ.

ಲೋಹ ಉಳಿದಿದೆ ಎಂದರೆ ಆಮ್ಲ ಮುಗಿದಿದೆ ಎಂದರ್ಥ. ಈ ಮೇಜಿನಲ್ಲಿ ಆಮ್ಲವನ್ನು ಟೈಟ್ರೇಷನ್‌ಗೆಂದು ಇಟ್ಟಿದ್ದ 1 ಮೋಲಾರ್ (ಲೀಟರಿಗೆ 1 ಮೋಲ್) ಬಾಟಲಿಯಿಂದ ತೆಗೆದುಕೊಂಡಿದ್ದರು, ಅದೂ 2 ಮಿ.ಲೀ. ಮಾತ್ರ. ಅದರಲ್ಲಿರುವುದು 2 ಮಿಲಿಮೋಲ್ ಆಮ್ಲ. ಒಂದು ಮೆಗ್ನೀಸಿಯಮ್ಮಿಗೆ ಎರಡು ಆಮ್ಲ ಬೇಕಾದ್ದರಿಂದ 1 ಮಿಲಿಮೋಲ್‌ಗಿಂತ ಹೆಚ್ಚು ಹೈಡ್ರೋಜನ್ ಬರಲು ಸಾಧ್ಯವೇ ಇಲ್ಲ. 2.7 ಸೆಂಟಿಮೀಟರ್ ಪಟ್ಟಿ ಕರಗುವಷ್ಟರಲ್ಲಿ ಆಮ್ಲ ಖಾಲಿ. ಆಮೇಲೆ ನಾಲ್ಕಲ್ಲ, ಹತ್ತು ಸೆಂಟಿಮೀಟರ್ ಇಟ್ಟರೂ ಅನಿಲದ ಮೊತ್ತ ಅಷ್ಟೇ, ಗಾತ್ರವೂ ಅಷ್ಟೇ.

ಇದು ನಿಯಮಕ್ಕೆ ಅಪವಾದವಲ್ಲ, ನಿಯಮಕ್ಕೇ ಸಾಕ್ಷಿ. ಗಾತ್ರ ಹಿಂಬಾಲಿಸುವುದು ಕೊಳವೆಯೊಳಗೆ ಹುಟ್ಟಿದ ಅನಿಲದ ಅಣುಗಳ ಸಂಖ್ಯೆಯನ್ನು, ನಾವು ಒಳಗಿಟ್ಟ ಲೋಹದ ಉದ್ದವನ್ನಲ್ಲ. ಗ್ರಾಫಿನ ಅಡ್ಡರೇಖೆಯ ಮೇಲೆ "ಪಟ್ಟಿಯ ಉದ್ದ" ಎಂದು ಬರೆಯುವಾಗ ಪಟ್ಟಿಯೆಲ್ಲ ಅನಿಲವಾಗುತ್ತದೆ ಎಂದು ನಾವು ಹೇಳದೆಯೇ ಒಪ್ಪಿಕೊಂಡಿರುತ್ತೇವೆ. ಆ ಒಪ್ಪಿಗೆ ಇಲ್ಲಿ ಮುರಿದಿದೆ.

ಸರಿಪಡಿಸುವುದು ಸುಲಭ. ನೀರಿಗೆ ಅಷ್ಟೇ ಪ್ರಮಾಣದ ಗಾಢ ಆಮ್ಲವನ್ನು ನಿಧಾನವಾಗಿ ಸುರಿದರೆ ಸುಮಾರು 6 ಮೋಲಾರ್ ಆಮ್ಲ ಸಿಗುತ್ತದೆ. ಆಮ್ಲವನ್ನು ನೀರಿಗೆ ಸುರಿಯಬೇಕೇ ಹೊರತು ನೀರನ್ನು ಆಮ್ಲಕ್ಕಲ್ಲ. ಅದರಲ್ಲಿ 5 ಮಿ.ಲೀ. ತೆಗೆದುಕೊಂಡರೆ 30 ಮಿಲಿಮೋಲ್, ಬೇಕಾದದ್ದರ ಹತ್ತು ಪಟ್ಟು.

ಸೊನ್ನೆಗೆ ಬರದ ಗೆರೆ

ಮೊದಲ ಎರಡು ಅಂಕಿಗಳ ನಡುವಿನ ಅಂತರ 10.5 ಮಿ.ಲೀ. ಹಾಗಾದರೆ ಒಂದು ಸೆಂಟಿಮೀಟರಿಗೆ 10.5 ಬರಬೇಕಿತ್ತು, ಬಂದದ್ದು 11.4. ಗೆರೆಯನ್ನು ಹಿಂದಕ್ಕೆಳೆದರೆ ಮೆಗ್ನೀಸಿಯಮ್ ಇಲ್ಲದಿದ್ದರೂ ಕೊಳವೆಯಲ್ಲಿ 0.9 ಮಿ.ಲೀ. ಅನಿಲ ಇತ್ತು ಎನ್ನುತ್ತದೆ.

ಅದು ನಿಜಕ್ಕೂ ಇತ್ತು. ರಬ್ಬರ್ ಕಾರ್ಕಿನ ತೂತಿನ ಅಗಲ 6 ಮಿಲಿಮೀಟರ್, ಉದ್ದ 28 ಮಿಲಿಮೀಟರ್. ಆ ತೂತಿನೊಳಗೆ ಹಿಡಿಯುವ ಗಾಳಿ 0.8 ಮಿ.ಲೀ. ಬೆರಳಿನಿಂದ ಮುಚ್ಚಿ ತಲೆಕೆಳಗು ಮಾಡಿದಾಗ ಆ ಗಾಳಿ ಒಂದು ಗುಳ್ಳೆಯಾಗಿ ಮೇಲೇರಿ ಹೈಡ್ರೋಜನ್ನಿನ ಜೊತೆ ಕೂತುಕೊಳ್ಳುತ್ತದೆ. ಪ್ರತಿ ಸಲವೂ ಅದೇ ಕಾರ್ಕ್, ಅದೇ ಗುಳ್ಳೆ. ಆದ್ದರಿಂದಲೇ ತಪ್ಪು ಎಲ್ಲ ಅಳತೆಗಳಿಗೂ ಒಂದೇ ಪ್ರಮಾಣದಲ್ಲಿ ಸೇರಿ, ಗೆರೆಯ ಇಳಿಜಾರು ಕೆಡದೆ ಗೆರೆ ಮಾತ್ರ ಮೇಲೆದ್ದು ನಿಂತಿದೆ. ಒಂದೇ ಅಳತೆ ಮಾಡಿ ಲೆಕ್ಕ ಮುಗಿಸಿದ್ದರೆ ಈ ಗುಳ್ಳೆ ಎಂದೂ ಸಿಕ್ಕಿಬೀಳುತ್ತಿರಲಿಲ್ಲ. ನಾಲ್ಕು ಉದ್ದಗಳಲ್ಲಿ ಅಳೆಯುವುದರ ಲಾಭ ಇದೇ.

ಕೊಳವೆಯನ್ನು ಅಂಚಿನವರೆಗೆ ತುಂಬಿ, ಕಾರ್ಕ್ ಒತ್ತುವಾಗ ತೂತಿನಿಂದ ನೀರು ಉಕ್ಕಿ ಹೊರಬರುವಂತೆ ಮಾಡಿದರೆ ಗುಳ್ಳೆ ಇರುವುದಿಲ್ಲ.

ಅನಿಲದ ಕೊಳವೆ ಇಲ್ಲದ ಲ್ಯಾಬುಗಳಲ್ಲಿ 50 ಮಿ.ಲೀ. ಬ್ಯುರೆಟ್ಟನ್ನೇ (ತುದಿಯಲ್ಲಿ ನಲ್ಲಿಯಿರುವ ಅಳತೆಯ ಕೊಳವೆ) ತಲೆಕೆಳಗು ಮಾಡಿ ಬಳಸುವುದುಂಟು. ಆಗ ತಪ್ಪು ಇನ್ನೊಂದು ದಿಕ್ಕಿನಲ್ಲಿ ಬರುತ್ತದೆ. ಬ್ಯುರೆಟ್ಟಿನ 50ರ ಗುರುತಿಗೂ ನಲ್ಲಿಗೂ ನಡುವೆ ಗುರುತಿಲ್ಲದ ಜಾಗವಿರುತ್ತದೆ. ಅನಿಲ ಮೊದಲು ತುಂಬುವುದೇ ಅಲ್ಲಿ. ಅದನ್ನು ನೀರು ತುಂಬಿ ಅಳತೆ ಜಾಡಿಗೆ ಇಳಿಸಿ ಮೊದಲೇ ಅಳೆದಿಟ್ಟುಕೊಂಡು ಪ್ರತಿ ಅಂಕಿಗೂ ಕೂಡಿಸಬೇಕು. ನಲ್ಲಿಗೆ ಗ್ರೀಸ್ ಕಡಿಮೆಯಿದ್ದರೆ ಒಳಗೆ ಗಾಳಿ ಸೇರುತ್ತದೆ, ನೀರಿನ ಮಟ್ಟ ನೋಡನೋಡುತ್ತಲೇ ಇಳಿಯುತ್ತದೆ.

8.3 ಏಕೆ 10.6 ಆಯಿತು

ಈ ಪ್ರಕರಣದಲ್ಲಿ ಹೆಚ್ಚು ಹೊತ್ತು ನಿಲ್ಲಬೇಕಾದ ಜಾಗ ಇದು. ಗುಳ್ಳೆ ತೆಗೆದು, ಆಮ್ಲ ಸರಿಪಡಿಸಿ ಮತ್ತೆ ಅಳೆದಾಗ 10.5, 21.2, 31.6, 42.3 ಬರುತ್ತದೆ. ಗೆರೆ ನೇರ, ಸೊನ್ನೆಯಿಂದಲೇ ಹೊರಡುತ್ತದೆ. ಸೆಂಟಿಮೀಟರಿಗೆ ಸುಮಾರು 10.6 ಮಿ.ಲೀ. ಆದರೆ ಮೋಲಿಗೆ 22.4 ಲೀಟರ್ ಎಂಬ ಬಾಯಿಪಾಠದ ಪ್ರಕಾರ 8.3 ಬರಬೇಕಿತ್ತು. ಕಾಲು ಭಾಗಕ್ಕಿಂತಲೂ ಹೆಚ್ಚಿನ ವ್ಯತ್ಯಾಸ. ಇಷ್ಟೊಂದು ತಪ್ಪನ್ನು ಕೈತಪ್ಪು ಎಂದು ತಳ್ಳಿಹಾಕಲಾಗದು.

ಒಂದೊಂದೇ ಮೆಟ್ಟಿಲು ಹತ್ತೋಣ.

22.4 ಲೀಟರ್ ಎನ್ನುವುದು ಸೊನ್ನೆ ಡಿಗ್ರಿಯಲ್ಲಿ, 1 ಅಟ್ಮಾಸ್ಫಿಯರ್ ಒತ್ತಡದಲ್ಲಿ. 1982ರಲ್ಲಿ ರಸಾಯನಶಾಸ್ತ್ರದ ಅಂತರರಾಷ್ಟ್ರೀಯ ಒಕ್ಕೂಟ ಐಯುಪಿಎಸಿ ಪ್ರಮಾಣ ಒತ್ತಡವನ್ನು 1 ಬಾರ್ (100 ಕಿಲೋಪ್ಯಾಸ್ಕಲ್) ಎಂದು ಬದಲಿಸಿದ ಮೇಲೆ ಆ ಅಂಕಿ 22.7 ಆಯಿತು, ನಮ್ಮ ಪಿಯು ಮಕ್ಕಳು ಓದುವ ಎನ್‌ಸಿಇಆರ್‌ಟಿ ಪುಸ್ತಕದಲ್ಲೂ ಈಗ ಇರುವುದು ಅದೇ. ಯಾವುದನ್ನು ಹಿಡಿದರೂ ಅದು ಮಂಜುಗಡ್ಡೆಯ ತಾಪದ ಅಂಕಿ. ನಮ್ಮ ಲ್ಯಾಬಿನ ತಾಪ 27 ಡಿಗ್ರಿ. ಕೆಲ್ವಿನ್‌ನಲ್ಲಿ 273 ಹೋಗಿ 300 ಆಯಿತು. ಗಾತ್ರ ಅದೇ ಅನುಪಾತದಲ್ಲಿ ಹಿಗ್ಗಿ 8.3 ಇದ್ದದ್ದು 9.1 ಆಗುತ್ತದೆ.

ಎರಡನೆಯ ಮೆಟ್ಟಿಲು ನೀರಿನ ಆವಿ. ಹೈಡ್ರೋಜನ್ನನ್ನು ನೀರಿನ ಮೇಲೆ ಹಿಡಿದಿದ್ದೇವೆ, ಕೊಳವೆಯೊಳಗೆ ಅದೊಂದೇ ಇಲ್ಲ. 27 ಡಿಗ್ರಿಯಲ್ಲಿ ನೀರಿನ ಆವಿಯ ಒತ್ತಡ 3.56 ಕಿಲೋಪ್ಯಾಸ್ಕಲ್. ಹೊರಗಿನ ಒತ್ತಡವನ್ನು ಒಳಗಿನಿಂದ ತಡೆಯುವ ಕೆಲಸದಲ್ಲಿ ಅಷ್ಟು ಪಾಲನ್ನು ಆವಿ ಹೊರುತ್ತದೆ, ಉಳಿದದ್ದನ್ನಷ್ಟೇ ಹೈಡ್ರೋಜನ್ ಹೊರಬೇಕು. ಹೊರೆ ಕಡಿಮೆಯಾದಷ್ಟೂ ಅದು ಹರಡಿಕೊಳ್ಳುತ್ತದೆ. ಹೊರಗಿನ ಒತ್ತಡ 101.2 ಕಿಲೋಪ್ಯಾಸ್ಕಲ್ ಎಂದು ಹಿಡಿದರೆ ಸೆಂಟಿಮೀಟರಿಗೆ 9.5 ಮಿ.ಲೀ.

ಹೆಚ್ಚಿನವರ ಲೆಕ್ಕ ಇಲ್ಲಿಗೆ ನಿಲ್ಲುತ್ತದೆ. ಇನ್ನೂ ಒಂದು ಮಿ.ಲೀ. ಬಾಕಿ ಇದೆ. ಆ 101.2 ಎಲ್ಲಿಂದ ಬಂತು? ಮೊಬೈಲಿನ ಹವಾಮಾನ ಆ್ಯಪ್ ಬೆಂಗಳೂರಿಗೆ 1012 ಹೆಕ್ಟೋಪ್ಯಾಸ್ಕಲ್ ಎಂದು ತೋರಿಸಿತ್ತು. ಆ್ಯಪ್ ಸುಳ್ಳು ಹೇಳಿಲ್ಲ, ಆದರೆ ಅದು ಹೇಳಿದ್ದು ಬೇರೆಯೇ. ಊರೂರಿನ ಒತ್ತಡಗಳನ್ನು ಒಂದೇ ನಕ್ಷೆಯಲ್ಲಿ ಹೋಲಿಸಿ ನೋಡಲೆಂದು ಹವಾಮಾನದವರು ಅವನ್ನೆಲ್ಲ ಸಮುದ್ರಮಟ್ಟಕ್ಕೆ ಇಳಿಸಿ ಹೇಳುತ್ತಾರೆ. ಬೆಂಗಳೂರು ಇರುವುದು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿ. ಈ ಎತ್ತರದವರೆಗೆ ಒಂಬತ್ತು ಮೀಟರಿಗೆ ಒಂದು ಹೆಕ್ಟೋಪ್ಯಾಸ್ಕಲ್‌ನಂತೆ ಒತ್ತಡ ಇಳಿಯುತ್ತದೆ ಎಂದು ಹಿಡಿದರೆ, ಲ್ಯಾಬಿನ ಮೇಜಿನ ಮೇಲೆ ನಿಜಕ್ಕೂ ಇರುವುದು 910 ಹೆಕ್ಟೋಪ್ಯಾಸ್ಕಲ್, ಅಂದರೆ 91.0 ಕಿಲೋಪ್ಯಾಸ್ಕಲ್ ಆಸುಪಾಸು. ಒಳಗೆ ಒತ್ತಡದ ಸೆನ್ಸರ್ ಇರುವ ಫೋನುಗಳಲ್ಲಿ ಸೆನ್ಸರ್ ಓದುವ ಬ್ಯಾರೋಮೀಟರ್ ಆ್ಯಪ್ ತೆರೆದರೆ ಈ ಅಂಕಿಯೇ ಕಾಣುತ್ತದೆ. ಅಥವಾ ಕಾಲೇಜಿನ ಭೌತಶಾಸ್ತ್ರ ವಿಭಾಗದ ಗೋಡೆಯ ಮೇಲಿರುವ ಪಾದರಸದ ಬ್ಯಾರೋಮೀಟರನ್ನು ನೋಡಿದರಾಯಿತು: 760 ಅಲ್ಲ, 680 ಮಿಲಿಮೀಟರ್ ಸುಮಾರಿಗೆ ಪಾದರಸ ನಿಂತಿರುತ್ತದೆ.

91.0ರಿಂದ ಆವಿಯ 3.56 ಕಳೆದರೆ 87.4. ಈ ಒತ್ತಡದಲ್ಲಿ 0.370 ಮಿಲಿಮೋಲ್ ಹೈಡ್ರೋಜನ್ ಹಿಡಿಯುವ ಜಾಗ 10.6 ಮಿ.ಲೀ. ಮೇಜಿನ ಮೇಲೆ ಬಂದದ್ದು ಅದೇ.

ಹಿಂದಕ್ಕೂ ಲೆಕ್ಕ ಹಾಕಿ ನೋಡಬಹುದು. 42.3 ಮಿ.ಲೀ.ಯನ್ನು 87.4ರಿಂದ 100 ಕಿಲೋಪ್ಯಾಸ್ಕಲ್‌ಗೆ, 300ರಿಂದ 273 ಕೆಲ್ವಿನ್‌ಗೆ ಇಳಿಸಿದರೆ 33.7 ಮಿ.ಲೀ.; ಅದನ್ನು 1.48 ಮಿಲಿಮೋಲ್‌ನಿಂದ ಭಾಗಿಸಿದರೆ ಮೋಲಿಗೆ 22.7 ಲೀಟರ್. ಪುಸ್ತಕದ ಅಂಕಿ ನಮ್ಮ ಅಳತೆಯೊಳಗೇ ಅಡಗಿತ್ತು.

ಇದೇ ಪಟ್ಟಿಯ ನಾಲ್ಕು ಸೆಂಟಿಮೀಟರನ್ನು ಮಂಗಳೂರಿನ ಲ್ಯಾಬಿನಲ್ಲಿ ಇದೇ 27 ಡಿಗ್ರಿಯಲ್ಲಿ ಕರಗಿಸಿದರೆ 37.9 ಮಿ.ಲೀ. ಬರುತ್ತದೆ. ಬೆಂಗಳೂರಿನಲ್ಲಿ 42.3. ಅಣುಗಳ ಸಂಖ್ಯೆ ಎರಡೂ ಕಡೆ ಒಂದೇ. ಕರಾವಳಿಯಿಂದ ಘಾಟಿ ಹತ್ತುವ ಬಸ್ಸಿನಲ್ಲಿ ಚಿಪ್ಸ್ ಪೊಟ್ಟಣ ಬಿಗಿದು ಉಬ್ಬಿಕೊಳ್ಳುವುದೂ ಇದರಿಂದಲೇ. ಆದ್ದರಿಂದ ಅವೊಗಾಡ್ರೊ ನಿಯಮ ಹೇಳುವಾಗ "ತಾಪ ಮತ್ತು ಒತ್ತಡ ಬದಲಾಗದಿದ್ದರೆ" ಎಂಬ ಮಾತನ್ನು ಎಂದೂ ನುಂಗಬಾರದು. ಒಂದೇ ಮೇಜಿನ ಮೇಲೆ, ಒಂದೇ ಮಧ್ಯಾಹ್ನ ಅಳೆದ ನಾಲ್ಕು ಅಂಕಿಗಳು ನೇರ ಗೆರೆಯಲ್ಲಿ ಬಂದದ್ದು ಆ ಎರಡೂ ಸ್ಥಿರವಾಗಿದ್ದುದರಿಂದ.

ನೀರು ಇಲ್ಲಿ ಮಾಡುವ ಕೆಲಸ

ಕೊಳವೆಯೊಳಗಿನ ನೀರಿನ ಮೇಲ್ಮೈ ತಡೆಯಿಲ್ಲದೆ ಜಾರುವ ಪಿಸ್ಟನ್ ಇದ್ದಂತೆ. ಹೊಸ ಅಣುಗಳು ಬಂದ ಹಾಗೆಲ್ಲ ಗೋಡೆಗೂ ನೀರಿಗೂ ಬೀಳುವ ಬಡಿತ ಹೆಚ್ಚುತ್ತದೆ, ಒಳಗಿನ ಒತ್ತಡ ಒಂದು ಕ್ಷಣ ಏರುತ್ತದೆ, ನೀರು ಕೆಳಗೆ ಸರಿದು ಜಾಗ ಬಿಡುತ್ತದೆ, ಒತ್ತಡ ಮತ್ತೆ ಹೊರಗಿನದಕ್ಕೆ ಸಮವಾಗುತ್ತದೆ. ಎರಡು ಪಟ್ಟು ಅಣುಗಳಿಗೆ ಅದೇ ಒತ್ತಡ ಉಳಿಯಬೇಕಾದರೆ ಎರಡು ಪಟ್ಟು ಜಾಗ ಬೇಕೇ ಬೇಕು.

ಒಳಗಿನ ಮತ್ತು ಹೊರಗಿನ ನೀರಿನ ಮಟ್ಟ ಸಮವಾದಾಗ ಮಾತ್ರ ಈ ಸಮತೆ ಪೂರ್ತಿ ಕೂಡಿಬರುತ್ತದೆ. ಒಳಗಿನ ನೀರು ಹೊರಗಿಗಿಂತ 10 ಸೆಂಟಿಮೀಟರ್ ಮೇಲೆ ನಿಂತಿದ್ದರೆ ಒಳಗಿನ ಒತ್ತಡ ಸುಮಾರು 1 ಕಿಲೋಪ್ಯಾಸ್ಕಲ್ ಕಡಿಮೆ, ಗಾತ್ರ ಅರ್ಧ ಮಿ.ಲೀ. ಹೆಚ್ಚು. ಎತ್ತರದ ಜಾಡಿ ಬೇಕಾಗುವುದು ಇದಕ್ಕೇ: ಬೆರಳಿನಿಂದ ತೂತು ಮುಚ್ಚಿ ಕೊಳವೆಯನ್ನು ಜಾಡಿಗೆ ಸಾಗಿಸಿ, ಬೆರಳು ತೆಗೆದು, ಎರಡೂ ಮಟ್ಟ ಒಂದಾಗುವವರೆಗೆ ಇಳಿಸಿ, ಕಣ್ಣನ್ನು ಆ ಮಟ್ಟಕ್ಕೇ ತಂದು ಓದಬೇಕು.

ಅವಸರದಲ್ಲಿ ಓದುವುದೂ ತಪ್ಪು. ಈ ಕ್ರಿಯೆ ಬಿಸಿ ಹುಟ್ಟಿಸುತ್ತದೆ, ಕೊಳವೆಯ ಮೇಲ್ಭಾಗ ಮುಟ್ಟಿದರೆ ಬೆಚ್ಚಗಿರುತ್ತದೆ. ಅನಿಲ ಐದು ಡಿಗ್ರಿ ಬಿಸಿಯಿರುವಾಗಲೇ ಓದಿದರೆ 42.3ರ ಬದಲು 43.6 ಕಾಣುತ್ತದೆ, ಆ ಹೆಚ್ಚಳದಲ್ಲಿ ಅರ್ಧ ಹಿಗ್ಗುವಿಕೆಯಿಂದ, ಇನ್ನರ್ಧ ಹೆಚ್ಚಿದ ಆವಿಯಿಂದ. ಜಾಡಿಯಲ್ಲಿ ಹತ್ತು ನಿಮಿಷ ಬಿಟ್ಟು ಓದಬೇಕು.

ಹೈಡ್ರೋಜನ್ನನ್ನೇ ಆರಿಸಿಕೊಂಡದ್ದಕ್ಕೂ ಕಾರಣವಿದೆ. ಅದು ನೀರಿನಲ್ಲಿ ಕರಗುವುದು ಅತ್ಯಲ್ಪ. ಈ ಒತ್ತಡ, ಈ ತಾಪದಲ್ಲಿ ಆದರ್ಶ ಅನಿಲದ ಲೆಕ್ಕದಿಂದ ಅದು ಸಾವಿರಕ್ಕೆ ಒಂದು ಪಾಲಿನಷ್ಟೂ ಆಚೀಚೆ ಹೋಗುವುದಿಲ್ಲ. ಅಡಿಗೆ ಸೋಡಾ ಮತ್ತು ವಿನೆಗರ್ ಬೆರೆಸಿ ಬಲೂನ್ ಉಬ್ಬಿಸುವ ಪ್ರಯೋಗ ನೋಡಲು ಚೆಂದ, ಅಳತೆಗೆ ಒದಗುವುದಿಲ್ಲ. ಕಾರ್ಬನ್ ಡೈಆಕ್ಸೈಡ್ ಕೋಣೆಯ ತಾಪದಲ್ಲಿ ನೀರಿನ ಗಾತ್ರದ ಮುಕ್ಕಾಲು ಭಾಗಕ್ಕೂ ಹೆಚ್ಚು ಕರಗಿಹೋಗಬಲ್ಲದು. ಬಲೂನಿನ ರಬ್ಬರ್ ಹಿಗ್ಗಿದಂತೆಲ್ಲ ಒಳಗಿನ ಒತ್ತಡವೂ ಬದಲಾಗುತ್ತದೆ. ಮೇಲಾಗಿ ಅದರ ಸುತ್ತಳತೆಯನ್ನು ಟೇಪಿನಲ್ಲಿ ಹಿಡಿದು ನೋಡುವವರು ಮೋಸಹೋಗುತ್ತಾರೆ: ಅನಿಲ ಎರಡು ಪಟ್ಟಾದರೂ ಸುತ್ತಳತೆ ಹೆಚ್ಚುವುದು ನೂರಕ್ಕೆ 26ರಷ್ಟು ಮಾತ್ರ. ಸುತ್ತಳತೆ ಎರಡು ಪಟ್ಟಾಗಲು ಎಂಟು ಪಟ್ಟು ಅನಿಲ ಬೇಕು.

ತೂಕವಲ್ಲ, ಎಣಿಕೆ

ಸಮಯ ಉಳಿದರೆ ಅದೇ ಮೇಜಿನಲ್ಲಿ ಇನ್ನೊಂದು ಅಳತೆ ಮಾಡಬಹುದು, ಮಾಡಲೇಬೇಕು ಎನ್ನುವಷ್ಟು ಒಳ್ಳೆಯದು. 36 ಮಿಲಿಗ್ರಾಂ ಮೆಗ್ನೀಸಿಯಮ್ಮಿನ ಬದಲು 97 ಮಿಲಿಗ್ರಾಂ ಸತುವನ್ನು ಅದೇ ಆಮ್ಲದಲ್ಲಿ ಕರಗಿಸಿದರೂ ಅದೇ 42.3 ಮಿ.ಲೀ. ಬರುತ್ತದೆ. ಅಲ್ಯೂಮಿನಿಯಮ್ ಆದರೆ 27 ಮಿಲಿಗ್ರಾಂ ಸಾಕು, ಏಕೆಂದರೆ ಅದರ ಎರಡು ಪರಮಾಣುಗಳು ಮೂರು ಅಣು ಹೈಡ್ರೋಜನ್ ಬಿಡುತ್ತವೆ. ಹಾಕಿದ ಲೋಹದ ತೂಕ ಮೂರೂ ಕಡೆ ಬೇರೆ ಬೇರೆ, ಹುಟ್ಟಿದ ಹೈಡ್ರೋಜನ್ ಅಣುಗಳ ಎಣಿಕೆ ಒಂದೇ, ಗಾತ್ರವೂ ಒಂದೇ.

ಇದನ್ನು 1811ರಲ್ಲಿ ಅಮೆಡಿಯೊ ಅವೊಗಾಡ್ರೊ ಊಹಿಸಿದ್ದು ಅಣುಗಳನ್ನು ಎಣಿಸಿ ಅಲ್ಲ. ಅನಿಲಗಳು ಸಣ್ಣ ಪೂರ್ಣಸಂಖ್ಯೆಗಳ ಅನುಪಾತದಲ್ಲೇ ಸೇರುತ್ತವೆ ಎಂದು ಫ್ರಾನ್ಸಿನ ವಿಜ್ಞಾನಿ ಗೇ-ಲುಸಾಕ್ 1808ರಲ್ಲಿ ತೋರಿಸಿದ್ದರು. ಎರಡು ಗಾತ್ರ ಹೈಡ್ರೋಜನ್, ಒಂದು ಗಾತ್ರ ಆಕ್ಸಿಜನ್ ಸೇರಿ ಎರಡು ಗಾತ್ರ ಆವಿ. ಸಮ ಗಾತ್ರದಲ್ಲಿ ಸಮ ಸಂಖ್ಯೆಯ ಅಣುಗಳಿವೆ, ಆಕ್ಸಿಜನ್ನಿನ ಅಣು ಎರಡಾಗಿ ಒಡೆಯಬಲ್ಲದು ಎಂದುಕೊಂಡರೆ ಮಾತ್ರ ಈ ಲೆಕ್ಕ ಕೂಡುತ್ತದೆ. ಆ ಮಾತು ಸುಮಾರು ಐವತ್ತು ವರ್ಷ ಬದಿಗೆ ಬಿದ್ದಿತ್ತು. 1860ರಲ್ಲಿ ಜರ್ಮನಿಯ ಕಾರ್ಲ್‌ಸ್‌ರೂಎ ಊರಿನಲ್ಲಿ ನಡೆದ ರಸಾಯನಶಾಸ್ತ್ರಜ್ಞರ ಸಮ್ಮೇಳನದಲ್ಲಿ ಇಟಲಿಯ ಕ್ಯಾನಿಜ಼ಾರೊ ಅದನ್ನು ಮತ್ತೆ ಎತ್ತಿ ಹಿಡಿದರು.

ರೆಕಾರ್ಡಿನಲ್ಲಿ ಬರೆಯಬೇಕಾದ್ದು

ಪಟ್ಟಿಯ ಉದ್ದ, ಮೀಟರಿನ ತೂಕ, ಆಮ್ಲದ ಬಲ ಮತ್ತು ಅಳತೆ, ನೀರಿನ ತಾಪ, ಲ್ಯಾಬಿನ ನಿಜವಾದ ಒತ್ತಡ ಮತ್ತು ಅದನ್ನು ಯಾವುದರಿಂದ ಓದಿದ್ದು, ಮಟ್ಟ ಸಮಮಾಡಿದ್ದು ಹೌದೋ ಅಲ್ಲವೋ, ಕೊನೆಗೆ ಗಾತ್ರ. ಕೊಳವೆಯಲ್ಲಿ ಓದಿದ ಅಂಕಿ ಒಂದು ಕಾಲಮ್ಮಿನಲ್ಲಿ, ಲೆಕ್ಕ ಹಾಕಿದ ಅಂಕಿ ಇನ್ನೊಂದರಲ್ಲಿ. ಒಂದನ್ನು ನೋಡಿ ಇನ್ನೊಂದನ್ನು ತಿದ್ದಕೂಡದು. ಪಟ್ಟಿ ಕತ್ತರಿಸುವಾಗ ಅರ್ಧ ಮಿಲಿಮೀಟರ್ ಆಚೀಚೆ ಆಗುವುದು ಸಹಜ. ಒಂದು ಸೆಂಟಿಮೀಟರ್ ತುಂಡಿನಲ್ಲಿ ಅದು ನೂರಕ್ಕೆ ಐದು, ನಾಲ್ಕರಲ್ಲಿ ನೂರಕ್ಕೆ ಒಂದೂಕಾಲು. ಹಾಗಾಗಿ ಗೆರೆ ಎಳೆಯುವಾಗ ಉದ್ದ ತುಂಡುಗಳ ಅಂಕಿಗಳ ಕಡೆಗೆ ಹೆಚ್ಚು ನಂಬಿಕೆ ಇರಲಿ.

ಕೊಳವೆಯನ್ನು ಕಿಟಕಿಯ ಬಳಿ ಒಯ್ದು ಹೈಡ್ರೋಜನ್ ಬಿಡಬೇಕು. ಬೀಕರ್ ಮತ್ತು ಜಾಡಿಯಲ್ಲಿ ಉಳಿದ ಆಮ್ಲಕ್ಕೆ ಅಡಿಗೆ ಸೋಡಾವನ್ನು ಚಿಟಿಕೆ ಚಿಟಿಕೆಯಾಗಿ ಹಾಕಿ, ನೊರೆ ಬರುವುದು ಪೂರ್ತಿ ನಿಂತ ಮೇಲೆ ಸಿಂಕಿಗೆ ಸುರಿಯಬೇಕು. ತಾಮ್ರದ ಪಂಜರವನ್ನು ತೊಳೆದು ಒರೆಸಿಟ್ಟರೆ ಮುಂದಿನ ಬ್ಯಾಚಿಗೂ ಅದೇ ಸಾಕು.